ಕಾಕಾನ ಕ್ಯಾಮೆರಾಕ್ಕೆ ಸಿಕ್ಕ ಮೊಣಕೈ

ಹಾವಿಗೆ ಅಂಜುವವರನ್ನು ನೀವು ನೋಡಿರುತ್ತೀರಿ. ಪೊಲೀಸರಿಗೆ, ದೆವ್ವಕ್ಕೆ, ಅತ್ತೆಗೆ ಅಂಜುವವರನ್ನೂ ನೋಡಿರುತ್ತೀರಿ. ಆದರೆ ಒಬ್ಬ ಬಡಕಲು ಫೋಟೋಗ್ರಾಫರನಿಗೆ ಅಂಜಿ ಇಡೀ ಓಣಿ ಬೇಸಿಗೆಯಲ್ಲಿ ತುಂಬುತೋಳಿನ ಅಂಗಿ ತೊಟ್ಟು ಬೆವರುವುದನ್ನು ನೋಡಿದ್ದೀರಾ? ನೋಡಬೇಕಿದ್ದರೆ ಆ ಕಾಲದಲ್ಲಿ ನೀವು ನಮ್ಮ ವಾಡಿಗೆ ಬರಬೇಕಿತ್ತು. ವಾಡಿಯ ಬೇಸಿಗೆ ಎಂದರೆ ಗೊತ್ತಲ್ಲ? ಮೇಲೆ ಸೂರ್ಯ, ಕೆಳಗೆ ಕಾದ ಕಲ್ಲು, ನಡುವೆ ಸಿಮೆಂಟಿನ ಧೂಳು. ಅಂಥಲ್ಲಿ ಕೊರಳತನಕ ಗುಂಡಿ ಹಾಕಿಕೊಂಡು, ತೋಳನ್ನು ಮಣಿಕಟ್ಟಿನವರೆಗೂ ಇಳಿಬಿಟ್ಟುಕೊಂಡು ಚಹಾದಂಗಡಿಯಲ್ಲಿ ಕೂತ ಗಂಡಸರನ್ನು ಕಂಡರೆ, ರೈಲು ಬದಲಿಸಲು ಇಳಿದ ಹೊಸಬರು ಇಲ್ಲೆಲ್ಲೋ ಮದುವೆ ಇರಬೇಕು ಎಂದು ತಿಳಿಯುತ್ತಿದ್ದರು. ಮದುವೆಯೂ ಇಲ್ಲ, ಮುಂಜಿಯೂ ಇಲ್ಲ. ನಮ್ಮ ಕಾಕಾ ಚಹಾ ಕುಡಿಯಲು ಹೊರಟಿದ್ದಾನೆ ಎಂದು ಅದರ ಅರ್ಥ!

ಕಾಕಾ ಎಂದರೆ ನಮ್ಮಪ್ಪನ ಬೆನ್ನಿಗೆ ಬಿದ್ದ ತಮ್ಮ. ಮದುವೆಯಾಗಿರಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ಒಂದು ಸ್ಟುಡಿಯೋ ಇಟ್ಟುಕೊಂಡು ಅದರ ಹಿಂದಿನ ಕೋಣೆಯಲ್ಲಿಯೇ ಇರುತ್ತಿದ್ದ. ಫೋಟೋಗ್ರಾಫರ್ ಎಂದರೆ ಮುಖ ತೆಗೆಯುವವ ಎಂದು ಲೋಕ ತಿಳಿದಿದೆ. ಕಾಕಾನಿಗೆ ಮುಖದ ಮೇಲೆ ಅಷ್ಟೇನೂ ಮಮತೆ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಚರ್ಮ. ಮೊಣಕೈ, ಹಿಮ್ಮಡಿ, ಕೊರಳ ಹಿಂದಿನ ಗೆರೆ, ಹೆಬ್ಬೆರಳಿನ ಗಂಟು, ಕಣ್ಣಿನ ಕೆಳಗಿನ ಸುಕ್ಕು. ಕ್ಯಾಮೆರಾವನ್ನು ಮನುಷ್ಯನ ಮೈಗೆ ಎಷ್ಟು ಹತ್ತಿರ ಒಯ್ಯುತ್ತಿದ್ದನೆಂದರೆ, ಫೋಟೋ ತೆಗೆಸಿಕೊಳ್ಳುವವನಿಗೆ ಇವನು ತನ್ನನ್ನು ಮೂಸುತ್ತಿದ್ದಾನೋ ಎಂದು ಅನುಮಾನ ಬರಬೇಕು.

ನೀವು ದಾರಿಯಲ್ಲಿ ಎದುರಾದಿರಿ ಎನ್ನಿ. ಆರಾಮ ಇದ್ದೀರೇನ್ರಿ, ಮಳೆ ಹೆಂಗದ, ಇಂಥ ಮಾತೆಲ್ಲ ಇಲ್ಲ. ನಿಮ್ಮ ಕಿವಿಯ ಹಿಂದೆ ಒಮ್ಮೆ ಇಣುಕಿ "ಭಾಳ ಛಲೋ ಅದರಿ" ಅನ್ನುತ್ತಿದ್ದ. ಏನು ಛಲೋ ಅದೆ ಎಂದು ಕೇಳಿದಿರೋ, ಮುಗಿಯಿತು. ನಿಮ್ಮನ್ನು ಸ್ಟುಡಿಯೋದ ಕುರ್ಚಿಯಲ್ಲಿ ಕೂರಿಸಿ, ಕತ್ತನ್ನು ಬಗ್ಗಿಸಿ, ಉಸಿರು ಹಿಡಿಯಲು ಹೇಳಿ, ನಿಮ್ಮ ಕಿವಿಯ ಹಿಂದಿನ ಒಂದಿಷ್ಟು ಜಾಗವನ್ನು ಕ್ಯಾಲೆಂಡರಿನಷ್ಟು ದೊಡ್ಡದು ಮಾಡಿ ಗೋಡೆಗೆ ತೂಗುಹಾಕುತ್ತಿದ್ದ. ಅದು ನಿಮ್ಮದೇ ಎಂದು ನೀವೂ ಗುರುತಿಸಲಾರಿರಿ.

ಈ ಹುಚ್ಚು ಹತ್ತಿದ್ದು ಹೇಗೆ? ಸಿಮೆಂಟ್ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ಪರದೇಶದ ಇಂಜಿನಿಯರನೊಬ್ಬ ಮರಳಿ ಹೋಗುವಾಗ ಕಾಕಾನಿಗೆ ಕೆಲವು ಬಳೆಯಂಥ ಸಾಮಾನು ಕೊಟ್ಟುಹೋಗಿದ್ದ. ಅವನ್ನು ಕ್ಯಾಮೆರಾಕ್ಕೂ ಅದರ ಕಣ್ಣಿಗೂ ನಡುವೆ ಸಿಕ್ಕಿಸಿದರೆ ಇರುವೆ ಎಮ್ಮೆಯಷ್ಟಾಗುತ್ತದೆ. ಕಾಕಾ ಮೊದಲು ಇರುವೆಯನ್ನೇ ಹಿಡಿಯಲು ಹೋದ. ಇರುವೆ ನಿಲ್ಲಲಿಲ್ಲ. ಎದುರಿಗೆ ನಮ್ಮ ಆಯಿ, ಅಂದರೆ ಅಜ್ಜಿ, ಕಾಲು ಚಾಚಿಕೊಂಡು ನಿದ್ದೆ ಮಾಡುತ್ತಿದ್ದಳು. ಆಯಿಯ ಹಿಮ್ಮಡಿ ನಿಂತಿತ್ತು. ಹಿಡಿದ.

ಆಯಿ ರಾವೂರಿನವಳು. ಬರಿಗಾಲಲ್ಲಿ ಖಣಿಯಿಂದ ಕಲ್ಲು ಹೊತ್ತು ಬೆಳೆದವಳು. ಅವಳ ಹಿಮ್ಮಡಿಯ ಸೀಳುಗಳು ಆ ಫೋಟೋದಲ್ಲಿ ಪದರ ಪದರವಾಗಿ ಎದ್ದು ಕಾಣುತ್ತಿದ್ದವು. ಅದನ್ನು ಕಾಕಾ ಸ್ಟುಡಿಯೋದ ಬಾಗಿಲಿನ ಎದುರಿಗೇ ತೂಗುಹಾಕಿದ. ಒಂದು ದಿನ ಸೇಡಂ ಕಡೆಯ, ಫರಸಿ ಎಂದರೆ ನೆಲಕ್ಕೆ ಹಾಸುವ ಕಲ್ಲಿನ ವ್ಯಾಪಾರಿಯೊಬ್ಬರು ಫೋಟೋ ತೆಗೆಸಲು ಬಂದವರು ಅದರ ಮುಂದೆ ನಿಂತೇಬಿಟ್ಟರು. ಕನ್ನಡಕ ಏರಿಸಿ, ಇಳಿಸಿ, ಬೆರಳಿನಿಂದ ಸವರಿ ನೋಡಿದರು.

"ಈ ಫರಸಿ ಯಾವ ಖಣಿದು?"

"ಫರಸಿ ಅಲ್ರಿ. ನಮ್ಮವ್ವನ ಹಿಮ್ಮಡ."

ವ್ಯಾಪಾರಿ ನಕ್ಕರು. "ನಂಗ ಕಲ್ಲಿಂದು ಕಲಿಸ್ತಿಯೇನೋ ತಮ್ಮಾ? ಹುಟ್ಟಿದಾಗಿಂದ ಇದೇ ಮಾಡಿಕೋತ ಬಂದೀನಿ. ಸೀಳು ನೋಡಿದರೇ ಹೇಳ್ತೀನಿ, ಇದು ರಾವೂರ ಕಡಿದು."

ಕಾಕಾ ಸ್ವಲ್ಪ ಯೋಚಿಸಿ, "ರಾವೂರ ಕಡಿದು ಅನ್ನೋದು ಖರೇ ಅದರಿ" ಎಂದ. ಅವರು ಗಾಡಿ ಯಾವಾಗ ಕಳಿಸಲಿ ಎಂದು ಕೇಳುವ ಹೊತ್ತಿಗೆ ಕಟ್ಟೆಯ ಮೇಲೆ ಕೂತಿದ್ದ ಆಯಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡು, "ಮಾರಿಗೀರಿಯಪ್ಪಾ, ನಂಗ ನಡೀಲಿಕ್ಕಿ ಬೇಕದು" ಎಂದಳಂತೆ.

ಇಲ್ಲಿಯತನಕ ನೀವು ನಗಬಹುದು. ನಾವೂ ನಕ್ಕಿದ್ದೇವೆ. ಚಿತ್ತಾಪುರದ ಮದುವೆಯಿಂದ ನಗೆ ಕಡಿಮೆಯಾಗತೊಡಗಿತು.

ಅಲ್ಲಿಯ ಒಂದು ಒಳ್ಳೆಯ ಮನೆತನದವರು ನಂಬಿ ಕಾಕಾನನ್ನು ಮದುವೆಗೆ ಕರೆಸಿದ್ದರು. ಕಾಕಾ ರೋಲುಗಟ್ಟಲೆ ತೆಗೆದ. ಫೋಟೋ ಬಂದವು. ಎರಡೂ ಮನೆಯವರು ಜಮಖಾನೆಯ ಮೇಲೆ ಕೂತು ಹರಡಿಕೊಂಡು ನೋಡಿದರೆ, ಮದುಮಗ ಎಲ್ಲಿ? ಮದುಮಗಳು ಎಲ್ಲಿ? ಮೆಹಂದಿ ಹಚ್ಚಿದ ಅಂಗೈಯ ಗೆರೆ ಇದೆ. ಯಾರದೋ ಗದ್ದದ ಮೇಲಿನ ಬೆವರಿನ ಹನಿ ಇದೆ. ಮದುವೆ ಮಾಡಿಸಿದ ಐನೋರ ಮೊಣಕೈ ಇದೆ. ತಾಳಿ ಕಟ್ಟುವ ಹೊತ್ತಿನದೆಂದು ತೋರುವ ಒಂದು ಫೋಟೋದಲ್ಲಿ ಮಾತ್ರ ಒಂದು ತೋಳು, ಅದರ ಮೇಲೆ ರೋಮಗಳೆಲ್ಲ ಕೊಯ್ದ ಹೊಲದ ಜೋಳದ ಕೂಳೆಯಂತೆ ನೆಟ್ಟಗೆ ಎದ್ದು ನಿಂತಿವೆ! ಅಂಜಿದವನ ತೋಳು ಅದು, ಕುರುಡನೂ ಹೇಳಬಹುದು. ಯಾರದು? ಹೆಣ್ಣಿನ ಕಡೆಯವರು ಮದುಮಗನದು ಎಂದರು. ನಮ್ಮ ಹುಡುಗ ಯಾಕೆ ಅಂಜಬೇಕು, ಅದು ಬೀಗರದೇ ಎಂದು ಗಂಡಿನ ತಂದೆ ತಿರುಗಿಬಿದ್ದರು. ಕಾಕಾನನ್ನು ಕೇಳಿದರೆ ಅವನು ಮುಖ ನೋಡಿಯೇ ಇರಲಿಲ್ಲವಲ್ಲ! ಕೊನೆಗೆ ಇಡೀ ಮನೆಯಲ್ಲಿ ಧೈರ್ಯವಾಗಿ ಮಾತಾಡಿದವಳು ಮದುಮಗಳು ಒಬ್ಬಳೇ. "ನಂದಂತೂ ಅಲ್ಲ" ಎಂದಳಂತೆ.

ಆಮೇಲೆ ಕಾಕಾನನ್ನು ಯಾರೂ ಮದುವೆಗೆ ಕರೆಯಲಿಲ್ಲ. ಅವನಿಗೇನೂ ಅನ್ನಿಸಲಿಲ್ಲ. ಶಹಾಬಾದಿನ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ನಮ್ಮಪ್ಪ ಕೆಲಸಕ್ಕಿದ್ದ. ಕಾಕಾ ಅಲ್ಲಿಗೆ ಹೋಗಿ ದಿನವೆಲ್ಲ ನೀರಲ್ಲಿ ನೆನೆದು ಸುಕ್ಕಾದ ಬೆರಳುಗಳನ್ನು, ಕಲ್ಲು ಹೊತ್ತ ಹೆಗಲುಗಳನ್ನು ತೆಗೆಯತೊಡಗಿದ. ಹಜಾಮನ ಅಂಗಡಿಯಲ್ಲಿ ಕೂತು ಆಗತಾನೆ ಬೋಳಿಸಿಕೊಂಡ ಕೆನ್ನೆಗಳಿಗೆ ಕಾಯತೊಡಗಿದ. ಅರ್ಧ ಬೋಳಿಸಿಕೊಂಡವರು ಇನ್ನರ್ಧವನ್ನು ಮನೆಯಲ್ಲಿ ಮಾಡಿಕೊಳ್ಳುತ್ತೇನೆಂದು ಎದ್ದು ಓಡತೊಡಗಿದರು.

ಅದೇ ದಿನಗಳಲ್ಲಿ ಸರ್ಕಾರದ ಮಂದಿ ಮನೆಮನೆಗೆ ಬರತೊಡಗಿದ್ದು. ಅವರ ಕೈಯಲ್ಲಿ ಒಂದು ಸೂಜಿ, ಒಂದು ಕೋಳಿಯ ಪುಕ್ಕ. ಅಂಗಿ ಬಿಚ್ಚರಿ, ಬೆನ್ನು ತೋರಸರಿ, ಮಚ್ಚಿ ಅದ ಏನು, ಮುಟ್ಟಿದರ ಗೊತ್ತಾಗ್ತದೇನು ಎಂದು ಕೇಳುತ್ತಿದ್ದರು. ಸ್ಟೇಷನ್ನಿನ ಗೋಡೆಗೆ ಒಂದು ದೊಡ್ಡ ಚಿತ್ರವನ್ನೂ ಅಂಟಿಸಿದ್ದರು: ಒಂದು ಬೆನ್ನು, ಅದರ ಮೇಲೆ ಬಿಳುಚಿದ ಒಂದು ಕಲೆ. ಕುಷ್ಠ ಎಂಬ ಹೆಸರನ್ನು ನಮ್ಮಲ್ಲಿ ಯಾರೂ ಬಾಯಿಂದ ಆಡುತ್ತಿರಲಿಲ್ಲ. ದೊಡ್ಡ ಬ್ಯಾನಿ ಎನ್ನುತ್ತಿದ್ದರು, ಅದೂ ಪಿಸುದನಿಯಲ್ಲಿ, ಅತ್ತಿತ್ತ ನೋಡಿ.

ಊರು ಲೆಕ್ಕ ಹಾಕಿತು. ಸರ್ಕಾರದವರು ಚರ್ಮ ನೋಡುತ್ತಾರೆ, ನಮ್ಮ ಕಾಕಾನೂ ಚರ್ಮ ನೋಡುತ್ತಾನೆ. ಅಂದಮೇಲೆ? ಕಾಕಾ ಅವರ ಗುಪ್ತ ಮನುಷ್ಯ! ಅವನು ಯಾರ ಮೈ ನೋಡಿ ಛಲೋ ಅದ ಅನ್ನುತ್ತಾನೋ ಅವರ ಮೈಯಲ್ಲಿ ದೊಡ್ಡ ಬ್ಯಾನಿ ಅಡಗಿದೆ! ಅಲ್ಲಿಂದ ಶುರುವಾದದ್ದೇ ತುಂಬುತೋಳಿನ ಅಂಗಿ. ಹೆಂಗಸರು ನೀರಿಗೆ ಹೋಗುವಾಗ ಸೆರಗನ್ನು ಬೆರಳ ತುದಿಯವರೆಗೂ ಎಳೆದುಕೊಳ್ಳುತ್ತಿದ್ದರು. ತಾಯಂದಿರು ಉಣ್ಣದ ಕೂಸುಗಳಿಗೆ ಗುಮ್ಮನ ಬದಲು ನಮ್ಮ ಕಾಕಾನನ್ನು ತೋರಿಸುತ್ತಿದ್ದರು. ಕೂಸುಗಳು ಗಬಗಬನೆ ಉಣ್ಣುತ್ತಿದ್ದವು.

ಇಷ್ಟೇಕೆ ಅಂಜುತ್ತಿದ್ದರು ಎಂದು ನೀವು ಕೇಳಬಹುದು. ನಾನು ಒಂದನ್ನು ಕಂಡಿದ್ದೇನೆ, ಹೇಳುತ್ತೇನೆ. ಚಿಕ್ಕವಳಿದ್ದಾಗ ಆಯಿಯ ಜೊತೆ ರಾವೂರಿಗೆ ಹೋಗುತ್ತಿದ್ದೆ. ಊರಾಚೆ ಕೆಲಸ ನಿಂತುಹೋದ ಒಂದು ಖಣಿಯ ದಂಡೆಯಲ್ಲಿ ನಾಲ್ಕು ಕಡೆ ಫರಸಿ ನಿಲ್ಲಿಸಿ ಮೇಲೊಂದು ಹೊದಿಸಿದ ಗೂಡು ಇತ್ತು. ಅದರಲ್ಲಿ ಒಬ್ಬ ಹೆಂಗಸು ಇರುತ್ತಿದ್ದಳು. ಗಂಡ, ಮಕ್ಕಳು ಊರೊಳಗೇ ಇದ್ದರು. ದಿನಾ ಯಾರೋ ಒಬ್ಬರು ರೊಟ್ಟಿ ತಂದು ದೂರದ ಕಲ್ಲಿನ ಮೇಲಿಟ್ಟು, ಒಂದು ಕೂಗು ಹಾಕಿ, ಹಿಂದೆ ನೋಡದೆ ಮರಳುತ್ತಿದ್ದರು. ನಾನು ಅವಳ ಮುಖ ನೋಡಲಿಲ್ಲ. ಬಿಸಿಲಲ್ಲಿ ಕೂತು ಕೂದಲು ಬಾಚಿಕೊಳ್ಳುತ್ತಿದ್ದಳು. ಯಾರೂ ನೋಡಲು ಬಾರದ ಜಾಗದಲ್ಲಿ ಅವಳು ಯಾಕೆ ಬಾಚಿಕೊಳ್ಳುತ್ತಾಳೆ ಎಂದು ಆಯಿಯನ್ನು ಕೇಳಿದೆ. ಆಯಿ ನನ್ನ ಬಾಯಿ ಮುಚ್ಚಿ ಎಳೆದುಕೊಂಡು ಹೋದಳು.

ಇಷ್ಟು ತಿಳಿದ ಮೇಲೆ ನನ್ನ ಮೊಣಕೈಯ ಕಥೆ ಕೇಳಿ.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಹೊಸದು. ನನಗೂ ಒಂದು ಹೊಸ ಹೆಸರು ಬಂದಿತ್ತು: ಬಿ.ಎ. ನಮ್ಮ ವಂಶದಲ್ಲಿ ಕಲ್ಲಿನ ಮೇಲೆ ಉಳಿ ಹಿಡಿದು ಗೆರೆ ಕೊರೆದವರು ಬೇಕಾದಷ್ಟು ಜನ; ಕಾಗದದ ಮೇಲೆ ಲೇಖಣಿ ಹಿಡಿದು ಪದವಿ ತಂದವಳು ನಾನೇ ಮೊದಲು. ಇದನ್ನು ಹೇಳುವಾಗ ಇವತ್ತಿಗೂ ನನ್ನ ಕತ್ತು ಒಂದಿಷ್ಟು ಮೇಲೇರುತ್ತದೆ. ಏರಲಿ ಬಿಡಿ, ಪುಕ್ಕಟೆ ಬಂದದ್ದಲ್ಲ. ಅಷ್ಟೇ ಅಲ್ಲ, ಚಿಂಚೋಳಿ ತಾಲೂಕಿನ ಚಿಮ್ಮನಚೋಡದ ಶಾಲೆಗೆ ಅಕ್ಕೋರಾಗಿ ಬರಬೇಕೆಂದು ಸರ್ಕಾರದ ಆರ್ಡರೂ ಬಂದಿತ್ತು. ಮೈಯಲ್ಲಿ ಯಾವ ರೋಗವೂ ಇಲ್ಲ ಎಂದು ಡಾಕ್ಟರ ಕೈಯಿಂದ ಬರೆಸಿಕೊಂಡು, ಒಂದು ಫೋಟೋ ಅಂಟಿಸಿಕೊಂಡು ಹೋದರೆ ಆಯಿತು, ನೌಕರಿ ನನ್ನದು. ಓಣಿಯವರೆಲ್ಲ ಬಂದು ನನ್ನನ್ನು ನೋಡಿಹೋದರು. ತುಂಬುತೋಳಿನಲ್ಲಿಯೇ ಬಂದರು, ಆವತ್ತು ಕಾಕಾನೂ ನಮ್ಮ ಮನೆಗೆ ಬಂದಿದ್ದನಲ್ಲ!

ಫೋಟೋ ಕಾಕಾನೇ ತೆಗೆಯಬೇಕೆಂದು ಹಟ ಹಿಡಿದ. ಮುಖ ಬರಬೇಕು ಎಂದೆ. "ಸರ್ಕಾರಕ್ಕ ಮುಖನೇ ಬೇಕಲ್ಲವ್ವಾ, ಏನ್ ಮಾಡ್ಲಿ" ಎಂದು ದುಃಖದಿಂದಲೇ ಒಪ್ಪಿಕೊಂಡ. ಕುರ್ಚಿಯಲ್ಲಿ ಕೂರಿಸಿದ. ಏನೇನೋ ಹರಟೆ ಹೊಡೆಯುತ್ತ ದೀಪ ಸರಿಸಿದ, ಪರದೆ ಸರಿಸಿದ, ಮುಖ ತೆಗೆದ. ಆಮೇಲೆ ಏಳುವಾಗ ನನ್ನ ಎಡತೋಳು ಅವನ ಕಣ್ಣಿಗೆ ಬಿತ್ತು. ಅಲ್ಲಿಗೆ ಹರಟೆ ನಿಂತಿತು.

ನನ್ನನ್ನು ಮತ್ತೆ ಕೂರಿಸಿದ. ಆ ಪರದೇಶದ ಬಳೆಗಳನ್ನು ಕ್ಯಾಮೆರಾದ ಕಣ್ಣಿಗೆ ಸಿಕ್ಕಿಸಿದ. ಮೊಣಕೈಯ ತುದಿಗೆ ಕ್ಯಾಮೆರಾ ಹಿಡಿದು ಒಂದು ತೆಗೆದ. ದೀಪವನ್ನು ಇನ್ನೊಂದು ಕಡೆಯಿಂದ ಇಟ್ಟು ಮತ್ತೊಂದು ತೆಗೆದ. ನಾನು ಅವನ ಬಾಯಿಯನ್ನೇ ನೋಡುತ್ತ ಕೂತೆ. ಊರನ್ನೆಲ್ಲ ಅಂಜಿಸಿದ ಆ ಮಾತು, ಭಾಳ ಛಲೋ ಅದ ಎಂಬ ಮಾತು, ಈಗ ಬರುತ್ತದೆ, ಈಗ ಬರುತ್ತದೆ ಎಂದು. ಬರಲಿಲ್ಲ. "ಮನಿಗಿ ಹೋಗು" ಎಂದ. ಅಷ್ಟೇ.

ಕಾಕಾ ಹೊಗಳಿದರೆ ಅಂಜಬೇಕೆಂದು ಊರಿಗೆ ಗೊತ್ತಿತ್ತು. ಹೊಗಳದಿದ್ದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಮರುದಿನ ಏನೋ ನೆಪ ಮಾಡಿಕೊಂಡು ಸ್ಟುಡಿಯೋಕ್ಕೆ ಹೋದೆ. ಕಾಕಾ ಇರಲಿಲ್ಲ. ಹಗ್ಗಕ್ಕೆ ಚಿಮಟಿ ಹಾಕಿ ಒಣಗಲು ಬಿಟ್ಟಿದ್ದ ಫೋಟೋಗಳ ನಡುವೆ ನನ್ನ ಮುಖ ಇತ್ತು, ಅಂಗೈಯಷ್ಟು. ಪಕ್ಕದಲ್ಲಿ ನನ್ನ ಮೊಣಕೈ ಇತ್ತು, ಕ್ಯಾಲೆಂಡರಿನಷ್ಟು. ಅಲ್ಲ, ಯಾರು ತಾನೆ ತಮ್ಮ ಮೊಣಕೈಯ ತುದಿ ನೋಡಿಕೊಂಡಿದ್ದಾರೆ? ಬೇಕಾದರೆ ನೀವು ಈಗಲೇ ನೋಡಿಕೊಳ್ಳಿ. ಎಷ್ಟು ತಿರುಗಿಸಿದರೂ ಅದು ಕಣ್ಣಿಗೆ ಬೆನ್ನು ಮಾಡಿಯೇ ಇರುತ್ತದೆ. ನಾನು ನನ್ನ ಮೊಣಕೈಯನ್ನು ಕಂಡದ್ದು ಆವತ್ತೇ ಮೊದಲು. ಬೂದಿಬಣ್ಣದ ಒಂದು ದೊಡ್ಡ ಕಲೆ. ನಡುವೆ ಬತ್ತಿದ ಕೆರೆಯಂಥ ಬಿರುಕು. ಒಂದು ರೋಮವಿಲ್ಲ. ಸುತ್ತ ಗೆರೆ ಕೊರೆದಂತೆ ಅಂಚು, ಅಂಚಿನಾಚೆ ನನ್ನ ಮಾಮೂಲಿ ಕಪ್ಪು ಚರ್ಮ. ಸ್ಟೇಷನ್ನಿನ ಗೋಡೆಯ ಮೇಲಿನ ಬೆನ್ನು ಕಣ್ಣ ಮುಂದೆ ಬಂತು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಸೀರೆಯ ಪಿನ್ನಿನಿಂದ ಮೊಣಕೈಗೆ ಚುಚ್ಚಿಕೊಂಡೆ. ನೋಯಲಿಲ್ಲ. ಇನ್ನೊಮ್ಮೆ ಚುಚ್ಚಿಕೊಂಡೆ. ಏನೋ ಆದಂತಾಯಿತು. ಅದು ನೋವೋ, ಅಂಜಿಕೆಯೋ? ಬಲಗೈಗೆ ಚುಚ್ಚಿ ಹೋಲಿಸಿ ನೋಡಿದೆ. ಬಲಗೈ ನೋಯಿತು. ಎಡಗೈಯೂ ನೋಯುತ್ತಿದೆ ಎಂದು ಮನಸ್ಸಿಗೆ ಹೇಳಿದೆ. ಮನಸ್ಸು ನಂಬಲಿಲ್ಲ. ನೋಡಿ, ಇತಿಹಾಸ, ರಾಜ್ಯಶಾಸ್ತ್ರ, ತರ್ಕ ಓದಿ ಸೆಕೆಂಡ್ ಕ್ಲಾಸಿನಲ್ಲಿ ಬಿ.ಎ. ಪಾಸಾದವಳು ನಾನು, ಸೂಜಿ ಚುಚ್ಚಿದರೆ ನೋಯುತ್ತದೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ ಉತ್ತರ ಬರೆಯಲಾರದೆ ಕೂತಿದ್ದೆ! ಬಾಗಿಲಾಚೆಯಿಂದ ಅವ್ವ, ಏನ್ ಮಾಡ್ಲಿಕತ್ತೀದಿ ಎಂದು ಕೇಳಿದಳು. ಮುಳ್ಳು ತೆಗೀಲಿಕತ್ತೀನಿ ಎಂದೆ. ಎಲ್ಲಿ ನಟ್ಟದ ಎಂದಳು. ಮೊಣಕೈಗೆ ಎಂದೆ. "ಮೊಣಕೈಲೆ ನಡದಿದ್ದೇನು?" ಎಂದಳು ಅವ್ವ.

ಆ ದಿನದಿಂದ ನಾನು ಬೇರೆ ತಾಟಿನಲ್ಲಿ ಉಣ್ಣತೊಡಗಿದೆ. ಯಾರೂ ಹೇಳಿದ್ದಲ್ಲ. ನನ್ನ ಚೆಂಬು ಬೇರೆ, ಟವೆಲು ಬೇರೆ, ಹಾಸಿಗೆ ಮೂಲೆಗೆ. ಮೊದಲೆಲ್ಲ ಆಯಿಯ ತಾಟಿನಿಂದಲೇ ತುತ್ತು ಎತ್ತುತ್ತಿದ್ದವಳು ದೂರ ಕೂತೆ. ಆಯಿ ಎರಡು ದಿನ ನೋಡಿದಳು. ಆಮೇಲೆ ಗೋಡೆಗೆ ಹೇಳುವಂತೆ ಹೇಳಿದಳು: "ನೌಕರಿ ಬಂತಲ್ಲ. ಈಗ ನಮ್ಮ ಎಂಜಲು ಹ್ಯಾಂಗ ಸೇರ್ತದ?" ನನಗೆ ಕೂಗಿ ಹೇಳಬೇಕೆನಿಸಿತು. ಏನೆಂದು ಹೇಳಲಿ? ಒಮ್ಮೆ ಬಾಯಿಂದ ಬಂದರೆ ಆ ಮಾತು ಮನೆಯಲ್ಲಿ ನಿಲ್ಲುತ್ತದೆಯೇ? ಓಣಿಗೆ ಹೋಗುತ್ತದೆ, ರಾವೂರಿಗೆ ಹೋಗುತ್ತದೆ, ಚಿಮ್ಮನಚೋಡದ ಶಾಲೆಗೆ ನನಗಿಂತ ಮೊದಲೇ ಹೋಗಿ ಕುರ್ಚಿಯ ಮೇಲೆ ಕೂರುತ್ತದೆ. ಜಂಬದವಳು ಎನ್ನಿಸಿಕೊಂಡರೂ ಚಿಂತೆಯಿಲ್ಲ ಎಂದು ಸುಮ್ಮನಾದೆ. ಕಣ್ಣು ಮುಚ್ಚಿದರೆ ಖಣಿಯ ದಂಡೆಯ ಆ ಗೂಡು. ಬಿಸಿಲಲ್ಲಿ ಕೂದಲು ಬಾಚಿಕೊಳ್ಳುವವಳು. ಅವಳು ತಿರುಗಿ ನೋಡಿದರೆ ನನ್ನದೇ ಮುಖ ಇರುತ್ತದೆ ಎಂದು ಕಣ್ಣು ತೆರೆದೇ ಮಲಗುತ್ತಿದ್ದೆ.

ಒಂದು ಮುಂಜಾನೆ ಕಾಕಾ ಕ್ಯಾಮೆರಾದ ಚೀಲ ಹಿಡಿದು ಬಾಗಿಲಲ್ಲಿ ನಿಂತು, ಸೇಡಂಕ್ಕೆ ಹೋಗಿ ಫಿಲ್ಮ್ ತರಬೇಕು, ಹುಡುಗಿಯನ್ನು ಜೊತೆಗೆ ಕಳಿಸು ಎಂದು ಅಪ್ಪನಿಗೆ ಹೇಳಿದ. ಅವನ ಫಿಲ್ಮ್ ಬರುತ್ತಿದ್ದದ್ದು ಕಲಬುರ್ಗಿಯಿಂದ, ಇಲ್ಲವೇ ಹೈದರಾಬಾದಿನಿಂದ. ಸೇಡಂದಾಗ ಫಿಲ್ಮ್ ಎಲ್ಲಿ ಸಿಗ್ತದೋ ಎಂದು ಅಪ್ಪ ಕೇಳಿದ. ಹೊಸಾ ಅಂಗಡಿ ಆಗ್ಯದ ಎಂದ ಕಾಕಾ. ಇಂಥ ಕೆಟ್ಟ ಸುಳ್ಳನ್ನು ನಾನು ಕೇಳಿಯೇ ಇರಲಿಲ್ಲ. ಹೌದು, ನಾನೂ ಕೇಳೀನಿ ಎಂದು ನಾನು ಅದಕ್ಕಿಂತ ಕೆಟ್ಟ ಸುಳ್ಳು ಹೇಳಿದೆ. ಸೇಡಂನ ಆಸ್ಪತ್ರೆಗೆ ವಾರಕ್ಕೊಮ್ಮೆ ಚರ್ಮದ ಡಾಕ್ಟರು ಬರುತ್ತಾರೆಂದು ಸ್ಟೇಷನ್ನಿನ ಆ ಚಿತ್ರದ ಕೆಳಗೇ ಬರೆದಿತ್ತು. ಇಬ್ಬರೂ ಓದಿದ್ದೆವು.

ರೈಲು ಚಿತ್ತಾಪುರದಲ್ಲಿ ನಿಂತಾಗ ನಮ್ಮ ಡಬ್ಬಿಗೆ ಯಾರು ಹತ್ತಬೇಕು? ಆ ಮದುವೆಯ ಗಂಡಿನ ತಂದೆ! ಕಾಕಾನನ್ನು ಕಂಡದ್ದೇ ತಡ, ಮಡಿಚಿದ್ದ ತೋಳುಗಳನ್ನು ಸರಸರ ಇಳಿಸಿ, ಗುಂಡಿ ಹಾಕಿ, ಟವೆಲಿನಿಂದ ಕೊರಳು ಸುತ್ತಿಕೊಂಡು ಡಬ್ಬಿಯ ಆ ತುದಿಗೆ ಹೋಗಿ ಕೂತರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಆವತ್ತು ನಾನೂ ಸೆರಗನ್ನು ಎಡ ಮೊಣಕೈಯ ಮೇಲೆ ಎಳೆದುಕೊಂಡೆ. ಅವರು ಅಂಜಿದ್ದು ಕಾಕಾನಿಗೆ, ನಾನು ಅಂಜಿದ್ದು ಅವರಿಗೆ.

ರೈಲು ಬಿಟ್ಟ ಮೇಲೆ ಕೇಳಿಯೇಬಿಟ್ಟೆ. "ಕಾಕಾ, ಇದ್ದರ ಏನ್ ಮಾಡೋದು?"

ಏನು ಇದ್ದರೆ ಎಂದು ಅವನು ಕೇಳಲಿಲ್ಲ. ಕಿಟಕಿಯಾಚೆ ನೋಡುತ್ತ, "ಗುಳಿಗಿ ಅವಂತ" ಎಂದ. "ತಗೊಂಡರ ಹೋಗ್ತದಂತ."

"ನೌಕರಿ?"

ಅದಕ್ಕೆ ಅವನ ಹತ್ತಿರ ಗುಳಿಗೆ ಇರಲಿಲ್ಲ.

ಆಸ್ಪತ್ರೆಯ ಹಿಂದಿನ ಬೇವಿನ ಗಿಡದ ಕೆಳಗೆ ಸರತಿ. ಅಲ್ಲಿ ಯಾರೂ ಯಾರ ಕಡೆಗೂ ನೋಡುತ್ತಿರಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ನಮ್ಮ ಸರತಿ ಬಂತು. ಒಳಗೆ ಹೋದೊಡನೆ ಕಾಕಾ ಹಳೆಯ ಪೇಪರಿನಲ್ಲಿ ಸುತ್ತಿ ತಂದಿದ್ದ ಆ ಕ್ಯಾಲೆಂಡರಿನಷ್ಟು ಫೋಟೋವನ್ನು ಡಾಕ್ಟರ ಮುಂದೆ ಬಿಚ್ಚಿ ಹರಡಿದ. ಡಾಕ್ಟರು ವಯಸ್ಸಾದವರು. ಅದನ್ನು ನೆಟ್ಟಗೆ ನೋಡಿದರು, ತಿರುವಿ ನೋಡಿದರು.

"ಇದೇನಪ್ಪಾ?"

"ನಮ್ಮ ಹುಡುಗಿ ಮೊಣಕೈರಿ."

"ಹುಡುಗಿ ಬಂದಾಳೇನು?"

"ಬಂದಾಳ್ರಿ. ಇಲ್ಲೇ ನಿಂತಾಳ."

"ಮೊಣಕೈ ತಂದಾಳಲ್ಲ ಮತ್ತ? ಇದನ್ನ ಸುತ್ತಿ ಇಡು."

ಕಾಕಾ ಸುತ್ತಿ ಇಟ್ಟ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕಣ್ಣು ಮುಚ್ಚಲು ಹೇಳಿದರು. ಪುಕ್ಕ ಎಲ್ಲಿ ಮುಟ್ಟಿತು ಹೇಳು ಎಂದರು. ಹೇಳಿದೆ. ಸೂಜಿ ಎಲ್ಲಿ ಎಂದರು. ಕಲೆಯ ಅಂಚಿನಲ್ಲಿ ಚುಚ್ಚಿದಾಗ ಹೇಳಿದೆ. ಆಮೇಲೆ ಕತ್ತಲೆ. ಏನೂ ಇಲ್ಲ. ಕಾಯುತ್ತೇನೆ, ಏನೂ ಇಲ್ಲ. ಚುಚ್ಚುತ್ತಿದ್ದಾರೆ, ನನಗೆ ತಿಳಿಯುತ್ತಿಲ್ಲ ಎಂದುಕೊಂಡೆ. ಬೆವರು ಕಿವಿಯ ಹಿಂದೆ ಇಳಿಯುವುದು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಮುಗಿಯಿತು, ಬಿ.ಎ.ಯೂ ಮುಗಿಯಿತು, ನಾನೂ ಮುಗಿದೆ ಎನ್ನುವಷ್ಟರಲ್ಲಿ ಸೂಜಿ ಆ ದಪ್ಪ ಚರ್ಮ ದಾಟಿ ಒಳಗೆ ಇಳಿಯಿತು ನೋಡಿ! ಅಯ್ಯಪ್ಪಾ ಎಂದು ಚೀರಿದೆ. ಹೊರಗಿನ ಸರತಿಯವರೆಲ್ಲ ಬೆಚ್ಚಿರಬೇಕು. ನೋವಿಗೆ ಇಷ್ಟು ಸಂತೋಷಪಟ್ಟ ಪ್ರಾಣಿ ಭೂಮಿಯ ಮೇಲೆ ಇನ್ನೊಂದಿರಲಾರದು.

"ಏನು ಓದೀದಿ?" ಡಾಕ್ಟರು ಕೇಳಿದರು.

"ಬಿ.ಎ. ರಿ."

"ಮನ್ಯಾಗ ಟೇಬಲ್ಲು ಕುರ್ಚಿ ಅವೇನು?"

ಇಲ್ಲ ಎಂದೆ.

"ಮತ್ತ ಹ್ಯಾಂಗ ಓದ್ತಿದ್ದಿ? ತೋರಸು."

ನಾಚಿಕೆಯಾದರೂ ಅಲ್ಲೇ ನೆಲದ ಮೇಲೆ ಎಡಕ್ಕೆ ಒರಗಿ, ಎಡ ಮೊಣಕೈಯನ್ನು ಫರಸಿಗೆ ಊರಿ, ಅಂಗೈ ಮೇಲೆ ತಲೆಯಿಟ್ಟು, ಬಲಗೈಯಿಂದ ಹಾಳೆ ತಿರುವಿ ತೋರಿಸಿದೆ. ಹುಟ್ಟಿದಂದಿನಿಂದ ನಮ್ಮ ಮನೆಯ ನೆಲ ಅದೇ ಶಹಾಬಾದ್ ಕಲ್ಲು. ಒಂದನೇ ಇಯತ್ತೆಯಿಂದ ಬಿ.ಎ.ಯವರೆಗೆ ನಾನು ಓದಿದ್ದೆಲ್ಲ ಆ ಕಲ್ಲಿನ ಮೇಲೆ ಆ ಒಂದು ಮೊಣಕೈ ಊರಿ. ಡಾಕ್ಟರು ನಕ್ಕುಬಿಟ್ಟರು. "ಏಳವ್ವ. ಬ್ಯಾನಿ ಅಲ್ಲ ಇದು, ಕಲ್ಲಿಗಿ ತಿಕ್ಕಿ ತಿಕ್ಕಿ ಚರ್ಮ ದಡ್ಡುಗಟ್ಟ್ಯದ. ಪಗಾರ ಬಂದ ಮ್ಯಾಲ ಮೊದಲ ಒಂದು ಕುರ್ಚಿ ತಗೋ" ಎಂದರು. ರೋಗವಿಲ್ಲ ಎಂದು ಅಲ್ಲೇ ಬರೆದುಕೊಟ್ಟರು. ಅಪ್ಪನ ಹೆಗಲಿಗೆ ದಡ್ಡು, ಅವ್ವನ ಅಂಗೈಗೆ ದಡ್ಡು. ದುಡಿಯದವಳೆಂದು ನನ್ನನ್ನು ಓಣಿಯವರು ಆಡಿಕೊಳ್ಳುತ್ತಿದ್ದರು. ಕೇಳಿ, ನನ್ನದೂ ಇದೆ!

ಕಾಗದ ಮಡಿಚಿಕೊಂಡು ಬಾಗಿಲಿಗೆ ಬಂದೆ. ನಡಿ ಕಾಕಾ ಎಂದೆ. ಕಾಕಾ ಬರಲಿಲ್ಲ. ತಿರುಗಿ ನೋಡಿದರೆ ನಾನು ಎದ್ದ ಸ್ಟೂಲಿನ ಮೇಲೆ ಅವನು ಕೂತಿದ್ದ. ಎಡಗೈಯ ಗುಂಡಿ ಬಿಚ್ಚುತ್ತಿದ್ದ.

"ಬಂದೇ ಬಂದೀವಿ" ಎಂದ ಡಾಕ್ಟರಿಗೆ. "ನಂದೂ ಒಂದು ನೋಡಿಬಿಡ್ರಿ."

ತೋಳು ಮೇಲೇರಿಸಿದ. ಮುಂಗೈಯ ಒಳಬದಿಗೆ ವೀಳ್ಯದೆಲೆಯಷ್ಟು ಅಗಲದ ಒಂದು ಕಲೆ. ತಾಮ್ರದ ಬಣ್ಣ, ನಡುವೆ ಬಿಳುಪು. ಅದರಲ್ಲಿ ಗೆರೆಯಿಲ್ಲ, ಬಿರುಕಿಲ್ಲ, ಅಷ್ಟು ಸೆಖೆಯಲ್ಲಿಯೂ ಒಂದು ಹನಿ ಬೆವರಿಲ್ಲ. ಮಗುವಿನ ಕೆನ್ನೆಯಷ್ಟು ನುಣ್ಣಗಿತ್ತು.

ಆ ಕಡೆ ನೋಡು ಎಂದರು ಡಾಕ್ಟರು. ಕಾಕಾ ಮುಖ ತಿರುವಿ ನನ್ನನ್ನು ನೋಡಿದ. ಶಾಲೆಯ ಕೂಸಿನಂತೆ ನೆಟ್ಟಗೆ ಕೂತು, ಸೂಜಿಗೆ ಕಾಯುತ್ತ ನನ್ನನ್ನೇ ನೋಡಿದ. ಸ್ವಲ್ಪ ಹೊತ್ತಾಯಿತು.

"ಚುಚ್ಚರಿ ಮತ್ತ" ಎಂದ.

ಸೂಜಿ ಆಗಲೇ ಅವನ ಮುಂಗೈಯ ಕಲೆಯೊಳಗೆ ಇಳಿದು ನಿಂತಿತ್ತು.

"ಚುಚ್ಚೀನಪ್ಪಾ" ಎಂದರು ಡಾಕ್ಟರು ಮೆಲ್ಲಗೆ.

ಕಾಕಾ ತಿರುಗಿ ನೋಡಿಕೊಳ್ಳಲಿಲ್ಲ. ನನ್ನನ್ನು ನೋಡುವುದನ್ನೂ ಬಿಟ್ಟ. ಎಷ್ಟು ದಿನವಾಯಿತು ಎಂದು ಡಾಕ್ಟರು ಕೇಳಿದರು. ಭಾಳ ದಿನ ಆತ್ರಿ ಎಂದ. ಮೊದಲೇ ಯಾಕೆ ಬರಲಿಲ್ಲ ಎಂದು ಕೇಳಿದರು.

"ಮಂದಿ ಮೈದು ಫೋಟೋ ತೆಗದು ತೆಗದು ನೋಡಿದೆರಿ" ಎಂದ ಕಾಕಾ. "ಇಂಥಾದ್ದು ಯಾರದರೆ ಇದ್ದೀತು ಅಂತ. ಒಂದೂ ಸಿಗಲಿಲ್ಲ."

ಡಾಕ್ಟರು ಒಂದು ಪೊಟ್ಟಣ ಗುಳಿಗೆ ಕೊಟ್ಟರು. ತಪ್ಪಿಸದೆ ತೆಗೆದುಕೊಂಡರೆ ಬೇನೆ ಇದ್ದಲ್ಲೇ ನಿಲ್ಲುತ್ತದೆ, ಹೋಗಿಯೂ ಹೋಗುತ್ತದೆ, ಮನೆಯವರ ಜೊತೆ ಕೂತು ಉಣ್ಣು, ಯಾರಿಗೂ ಹತ್ತುವುದಿಲ್ಲ ಎಂದರು. ನರದ ಗುಂಟ ಬೆರಳತನಕ ಆ ಕೈಯಿಂದ ಹೋದ ಸ್ಪರ್ಶ ಮಾತ್ರ ಮರಳಿ ಬರುತ್ತದೆಂದು ಹೇಳಲಾರೆ ಎಂದರು.

ಹೊರಗೆ ಬಂದೆವು. ಸ್ಟೇಷನ್ನಿನ ದಾರಿ ಹಿಡಿದ ಕಾಕಾ ನನ್ನಿಂದ ದೂರ, ರಸ್ತೆಯ ಆ ಅಂಚಿಗೆ ಸರಿದು ನಡೆಯತೊಡಗಿದ. ನಾನು ಈ ಅಂಚಿನಲ್ಲಿ. ನಡುವೆ ಒಂದು ಎತ್ತಿನ ಗಾಡಿ ಹೋಯಿತು. ಅದು ದಾಟಿದ ಮೇಲೆ ನಾನು ಓಡಿಹೋಗಿ ಅವನ ಕೈ ಹಿಡಿದುಕೊಂಡೆ.

ಕಾಕಾ ನಡೆಯುತ್ತಲೇ ಇದ್ದ. ಕೈ ಜಗ್ಗಿದಾಗ ಕೆಳಗೆ ನೋಡಿದ, ನಿಂತ. ನನ್ನ ಬೆರಳುಗಳನ್ನು ಅವನು ನೋಡಿದ ಬಗೆಗೆ ನಾನೇ ನೆಲ ನೋಡಬೇಕಾಯಿತು.

"ಆ ಕೈ ಬ್ಯಾಡವ್ವಾ" ಎಂದ. "ನೀ ಹಿಡದದ್ದು ನಂಗ ಗೊತ್ತಾಗಂಗಿಲ್ಲ. ಈ ಕಡಿ ಬಾ."

ಬಲಗೈಯಲ್ಲಿದ್ದ ಕ್ಯಾಮೆರಾದ ಚೀಲವನ್ನು ಎಡಕ್ಕೆ ದಾಟಿಸಿಕೊಂಡು, ಬಲಗೈ ಚಾಚಿದ.